ನಡುವಿನ ತೂತು

ಮೂರನೇ ಗೇಟಿನ ತಿರುವಿನಾಗ ನಮ್ಮ ಕಾರು
ತುಂಬಿದ ಕೊಡ ಹೊತ್ತಾಕಿ ಸೊಂಟ ಹೊರಳಿಸಿದಂಗ ವಾಲೂದು.
ಎರಡ ಸೀಟು, ಕೆಂಪ ಬಣ್ಣ,
ಮಡಚೂ ಕ್ಯಾನ್ವಾಸಿನ ಚಾವಣಿ, ಸೋರೂ ಚಾವಣಿ.
ಕ್ಯಾಂಪಿನ ಮೇಜರ್ ಸಾಹೇಬ ಬದಲಿಯಾಗಿ ಹೋಗೂಮುಂದ
ನಮ್ಮಿಬ್ಬರಿಗೂ ಕೂಡಿ ಮಾರಿ ಹೋದದ್ದು.
ಇಬ್ಬರಿಗೂ ಅಂದ್ರ, ಭರಮಣ್ಣಗ ಮತ್ತ ನನಗ.

ಆಮ್ಯಾಲ ಪಾಲಾತು.
ಎರಕದ ಭಟ್ಟಿ ಅಣ್ಣಗ,
ಪ್ಯಾಟರ್ನ್ ಮಾಡೂ ಕಟ್ಟಿಗಿ ಖೋಲಿ ನನಗ,
ಬೋರಿನ ನೀರು ದಿನಾ ಬಿಟ್ಟ ದಿನಾ.
ಅವ್ವನ ಬೆಳ್ಳಿ ತಂಬಗಿ ಸೈತ ತಕ್ಕಡಿಗೆ ಏರಿತು.
ಕಾರು ಬರಿಯೂದ ವಕೀಲ ಮರತ.
ನಾವೂ ನೆನಪ ಮಾಡಿಕೊಡಲಿಲ್ಲ.

ಹಿಂಗಾಗಿ ಐತಾರಕ್ಕೊಮ್ಮೆ
ಪೀರನವಾಡಿ, ಕಿಣಯೆ, ಜಾಂಬೋಟಿ ದಾಟಿ
ಚೋರ್ಲಾ ಘಾಟಿನ ಚಹಾದಂಗಡಿ ತನಕ.
ಹೋಗೂಮುಂದ ನಾ ಹೊಡಿಯೂದು, ಬರೂಮುಂದ ಅಂವ.
ಮಾತಿಲ್ಲ.
ಎಡ ತಿರುವಿಗೆ ಅವನ ಭುಜ ನನಗ ಬಡಿಯೂದು,
ಬಲ ತಿರುವಿಗೆ ನಂದು ಅವಂಗ.
ಯಾರ ತಪ್ಪೂ ಅಲ್ಲ. ಕಾರಿಂದು.

ಉದ್ಯಮಬಾಗದ ಇಸಾಕ ಮುಜಾವರ
ಗಾಡಿ ಬುಡಕ ಹೊಕ್ಕು ಹೊರಗ ಬಂದು, ಕೈ ಒರಸಿಕೊಂಡು ಅಂದ:
"ಸ್ಪ್ರಿಂಗು ಮುಪ್ಪಾಗ್ಯಾವ.
ಶಾಕಿನಾಗ ಎಣ್ಣಿ ಇಲ್ಲ, ಎಣ್ಣಿ ಇದ್ದದ್ದರ ನೆನಪ ಐತಿ.
ಎಡಗಾಲಿ ಬಲಗಾಲಿಗೆ ಒಂದರ ಖಬರ ಒಂದಕ್ಕಿಲ್ಲ.
ನಡುವ ಒಂದ ದಪ್ಪ ಸಳಿ ಹಾಕೋಣು.
ಒಂದ ಮ್ಯಾಲೆದ್ರ
ಇನ್ನೊಂದನ್ನ ಕಿವಿ ಹಿಡದ ಎಳೀತೈತಿ."
ಅಣ್ಣ ಗ್ವಾಡಿ ಮ್ಯಾಲಿನ ಟೈರಿನ ಕ್ಯಾಲೆಂಡರ್ ಓದಕೋತ ನಿಂತಿದ್ದ.

ಶಾಕು ಕೊಲ್ಲಾಪುರದಿಂದ ತರಿಸಿದ್ವಿ.
ಸಳಿ ಮಾತ್ರ ಎಲ್ಲೂ ಸಿಗಲಿಲ್ಲ.
ಹಳೇದು ಹದಿನಾರ ಎಂ.ಎಂ., ಬೇಕಾದದ್ದು ಇಪ್ಪತ್ತೆರಡು.
ಬಾಗು ಎಲ್ಲೆಲ್ಲಿ ಬರಬೇಕಂತ
ನಾ ಸಾಗವಾನಿ ಹಲಗಿ ಮ್ಯಾಲೆ ಅಚ್ಚ ಕೊರದೆ.
ಅಣ್ಣ ತನ್ನ ಭಟ್ಟಿಯೊಳಗ ಉಕ್ಕ ಕಾಸಿದ,
ದಾಳಿಂಬರದ ಕಾಳಿನ ಕೆಂಪ ಬರೂತನಕ.
ಬಗ್ಗಿಸಿ, ಎಣ್ಣ್ಯಾಗ ಅದ್ದಿದ್ವಿ.
ಆ ಹೊಗಿಯೊಳಗ ಇಬ್ಬರೂ ಕೆಮ್ಮಿದ್ವಿ,
ಪಾಲಾದ ಮ್ಯಾಲ ಕೂಡಿ ಮಾಡಿದ ಮೊದಲ ಸಪ್ಪಳ.

ಆಮ್ಯಾಲ ಮತ್ತೊಮ್ಮೆ ಸಣ್ಣ ಕಾವಿನಾಗ ಇಟ್ಟ.
"ಇಷ್ಟ ಬಿರಸ ಬಿಟ್ರ ಮುರೀತೈತಿ" ಅಂದ.
ಸಳಿಗೆ ಅಂದನೋ, ನನಗ ಅಂದನೋ.

ತುದಿಗೆ ಮೂರ ಮೂರ ತೂತು:
ಹೊರಗಿಂದು ಮೆತ್ತಗ, ಒಳಗಿಂದು ಬಿಗಿ.
ಇಸಾಕ ಬಿಗೀಗೇ ಹಾಕಿಕೊಟ್ಟ.

ಏನ್ ಹೇಳ್ಲಿ ಆ ಐತಾರ!
ನಲವತ್ತಕ್ಕ ಅಂಜಿ ಇಳಿಸೂ ತಿರುವಿಗೆ
ಅರವತ್ತಕ್ಕ ಹೊಕ್ಕೆ, ಕಾರು ಮಿಸುಕಲಿಲ್ಲ.
ಡ್ಯಾಶ್ ಮ್ಯಾಲೆ ಸಾರಿನ ಬಟ್ಟಲ ಇಟ್ಟಿದ್ರೂ ತುಳುಕತಿರಲಿಲ್ಲ.
ಕಣಕುಂಬಿ ರಸ್ತಾದ ಒಂದೊಂದ ಕುಣಿ
ಬೆನ್ನಿನ ಒಂದೊಂದ ಎಲುಬಿನ ಹೆಸರ ಕರದು ಹೇಳೂದು.
ಸ್ಟೇರಿಂಗ್ ಅಂದ್ರ ಬಡಗಿ ಕೈಯಾಗಿನ ಉಳಿ,
ಗೆರಿ ಬಿಟ್ಟ ಕೂದಲೆಳಿ ಸರೀಲಿಲ್ಲ.
ಖುಷಿಗೆ ಸೀಟಿ ಹೊಡದೆ.

ಏಳನೇ ತಿರುವು, ಎಂಟನೇದು, ಮತ್ತೊಂದು.
ನನ್ನ ಎಡಗಡೆ ಭುಜಕ್ಕ ಥಂಡಿ ಗಾಳಿ ಬಡದು
ಸೀಟಿ ಎಲ್ಲಿ ನಿಂತಿತೋ ಗೊತ್ತಾಗಲಿಲ್ಲ.
ಅಂವ ಅಲ್ಲೇ ಕುಂತಿದ್ದ,
ಒಂದ ಗೇಣ ದೂರ, ನೆಟ್ಟಗ,
ಫೋಟೋದಾಗ ಕುಂತಂಗ.

ಚಹಾ ಕುಡದ ಗ್ಲಾಸ ಇಟ್ಟು
ಅಣ್ಣ ಕಾರಿನ ಸುತ್ತ ಒಂದ ಸಲ ತಿರುಗಿದ.
"ಭಾಳ ಸೆಟಗೊಂಡೈತಿ ಇದು" ಅಂದ.
ಡಿಕ್ಕಿ ತಗದ. ಹದಿನೇಳ ನಂಬರಿನ ಪಾನಾ.
ಟವೆಲ್ ಹಾಸಿಕೊಂಡು ಆ ಕಡೆ ಗಾಲಿ ಬುಡಕ ಮಲಗಿದ.
"ನಡುವಿನ ತೂತಿಗೇನ?" ಅಂದೆ.
"ಹ್ಞೂಂ. ಈ ಕಡೆ ನಾ ಮಾಡ್ತೀನಿ, ಆ ಕಡೆ ನೀ ಮಾಡು.
ಎರಡೂ ಕಡೆ ಒಂದ ಸಮ ಇರಬೇಕು."
ನನ್ನ ಕಡೆ ನಟ್ಟು ಜಾಮ್ ಆಗಿತ್ತು.
ಗಾಡಿ ಬುಡಕಿನಿಂದನ ಪಾನಾ ಉರುಳಿಸಿ ಕೊಟ್ಟ.

ಬರೂಮುಂದ ಅಂವ ಹೊಡದ.
ಮೊದಲನೇ ಎಡ ತಿರುವು ಬಂತು.
ಕಾರು ಒಂದೀಟ ವಾಲಿತು, ಒಂದೀಟ.
ನಾ ಬಾಗಲ ಹಿಡಕೊಳ್ಳಲಿಲ್ಲ.