ಕಾಲರ್

ತಿತಿಮತಿಯ ರೇಂಜ್ ಆಫೀಸಿನ ಹಿಂದಿನ ಕೋಣೆ.
ಒಂದು ಕಂಪ್ಯೂಟರ್, ಒಂದು ಯುಪಿಎಸ್, ನಾನು.
ಬೆಳಗಿನ ಐದಕ್ಕೆ ಪರದೆಯ ಮೇಲೆ ಆನೆಗಳು ಏಳುತ್ತವೆ.
ಕೊರಳ ಪೆಟ್ಟಿಗೆ ಆಕಾಶಕ್ಕೆ ಹೇಳುತ್ತದೆ,
ಆಕಾಶ ನನಗೆ, ನಾನು ತೋಟದವರಿಗೆ:
ಏಳನೇ ನಂಬರಿನವಳು, ಜೊತೆಗೆ ಹನ್ನೊಂದು,
ಮಾಲ್ದಾರೆ ಕಡೆಯಿಂದ ಇಳಿದಿದ್ದಾರೆ,
ಹಣ್ಣು ಕೊಯ್ಯುವವರು ಒಂಬತ್ತರವರೆಗೆ ಹೋಗಬೇಡಿ.

ಮೂರು ವರ್ಷವಾಯಿತು. ಈಗ ಚುಕ್ಕೆ ನೋಡಿದರೆ ಸಾಕು.
ಒಂದೇ ಕಡೆ ಸುತ್ತಿದರೆ ಅಲ್ಲಿ ಕೆರೆ.
ಸರ್ರನೆ ಹೋಗಿ ಥಟ್ಟನೆ ತಿರುಗಿದರೆ ಸೋಲಾರ್ ಬೇಲಿ.
ಆರು ತಾಸು ಅಲುಗದಿದ್ದರೆ
ಜೀಪು ತೆಗೆಯಬೇಕು.

ಉತ್ತಯ್ಯ, ನನ್ನ ತಮ್ಮ, ಫೌಜಿನಲ್ಲಿ ಲಾನ್ಸ್ ನಾಯಕ್,
ಕಳೆದ ರಜೆಗೆ ಬಂದಾಗ ಮಣಿಕಟ್ಟಿಗೊಂದು ವಾಚು,
ಕಪ್ಪು, ಚೌಕ, ಎದೆಬಡಿತ ಎಣಿಸುವಂಥದ್ದು.
"ಅಕ್ಕ, ಮಾತಾಡೋಕೆ ಆಗದಿದ್ರೂ
ನಾನು ಓಡಿದ್ದು ನಿನಗೆ ಕಾಣ್ತದೆ."

ಕಂಡಿತು.
ಭೂಪಟದಲ್ಲಿ ಊರಿಲ್ಲ, ರಸ್ತೆಯಿಲ್ಲ, ಬರೀ ಬೂದಿ ಬಣ್ಣ.
ಅದರ ಮೇಲೆ ದಿನಾ ಒಂದು ಕಿತ್ತಳೆ ಗೆರೆ,
ಗೇರುಬೀಜದ ಆಕಾರ.
ಬೆರಳಲ್ಲಿ ಸವರುತ್ತಿದ್ದೆ,
ಚಿಕ್ಕಂದಿನಲ್ಲಿ ಜ್ವರ ಬಂದಾಗ ಅವನ ಬೆನ್ನು ಸವರಿದ ಹಾಗೆ.
ಗ್ರೂಪಿಗೂ ಹಾಕಿದೆ.
ಕೆಳಗೆ ಅರವತ್ತು ಜೋಡಿ ಮುಗಿದ ಕೈ.

ಬೊಮ್ಮ, ನಮ್ಮ ವಾಚರ್, ಕಂಪ್ಯೂಟರ್ ಮುಟ್ಟದವನು,
ಲದ್ದಿಗೆ ಕೈಯಿಟ್ಟು ಹೊತ್ತು ಹೇಳುವವನು,
ಬೀಡಿ ಹಚ್ಚುತ್ತ ನನ್ನ ಫೋನಿಗೆ ಬಗ್ಗಿದ.
"ಇದ್ಯಾವ ಆನೆ?"
ಆನೆಯಲ್ಲ, ತಮ್ಮ ಎಂದೆ.
"ಹಾಗೋ. ದಿನಾ ಇಲ್ಲಿ ನಿಲ್ತಾನಲ್ಲ, ಇಲ್ಲಿ ಗೇಟು.
ಇಲ್ಲಿಂದ ಆಚೆ ಹೋಗಲ್ಲ, ಬೇಲಿ.
ಈ ಮೂಲೆ ಬಳಸಿ ಓಡ್ತಾನೆ, ಅಲ್ಲೇನೋ ಇಟ್ಟಿದ್ದಾರೆ ದೊಡ್ಡದು."
ಹೊಗೆ ಬಿಟ್ಟ.
"ಅಭ್ಯಾಸ ಬಿದ್ದ ದಾರೀಲೇ ಮೇಡಮ್ಮಾ,
ಹಿಂದಿನವರು ಗುಂಡಿ ತೋಡ್ತಿದ್ದದ್ದು."

ಆ ರಾತ್ರಿ ನೋಡಿದೆ, ಗೆರೆಯ ಕೆಳಗೆ ಹೆಬ್ಬೆರಳೆತ್ತಿದವರನ್ನು.
ನಮ್ಮ ಹುಡುಗರು, ಸೋದರತ್ತೆಯ ಮಗಳು, ಮತ್ತೆ
ಯಾರೋ ಪೂವಮ್ಮ, ಪೊನ್ನಂಪೇಟೆಯವಳಂತೆ. ಒಕ್ಕದ ಹೆಸರಿಲ್ಲ.
ಸೀರೆ ಮಾತ್ರ ನಮ್ಮ ಹಾಗೆಯೇ, ನೆರಿಗೆ ಹಿಂದಕ್ಕೆ.
ನಾಲ್ಕು ತಿಂಗಳಿಂದ ಒಂದು ದಿನ ತಪ್ಪಿಸಿಲ್ಲ.
ಅಷ್ಟು ಎತ್ತರದಲ್ಲಿ ಉಸಿರು ಕಟ್ಟಲ್ವಾ?
ಒಬ್ಬರೇ ಓಡ್ತೀರಾ, ಜೊತೆಗೆ ಎಷ್ಟು ಜನ?
ಏಪ್ರಿಲ್ ತಿಂಗಳಲ್ಲಿ
ಕೈಲ್‌ಪೊಳ್ದ್ ಶುಭಾಶಯ ಹೇಳಿದ್ದಾಳೆ.
ತೋಕಿಗೆ ಹೂ ಸಿಕ್ಕಿಸುವುದು ಸೆಪ್ಟೆಂಬರಿನಲ್ಲಿ ಎಂದು
ಪೊನ್ನಂಪೇಟೆಯ ನಾಯಿಗೂ ಗೊತ್ತು.
ಇವನು ನಗುಮುಖ ಒತ್ತಿದ್ದಾನೆ.

ಫೋನಿನಲ್ಲಿ ಹೇಗೆ ಹೇಳಲಿ?
ಅಜ್ಜಿಯ ಪೆಟ್ಟಿಗೆಯಲ್ಲಿ ಅಜ್ಜ ಬರೆದ ಕಾಗದಗಳಿದ್ದವು.
ವಿಳಾಸ ಬರೀ ೫೬ ಎಪಿಒ.
ಒಳಗೆ, ಇಲ್ಲಿ ಚಳಿ. ಕ್ಷೇಮ.
ಒಂದು ಸಾಲಿನ ಮೇಲೆ ಯಾರೋ ಸಾಹೇಬರು ಬಳಿದ ಕಪ್ಪು ಮಸಿ.
ಅಜ್ಜಿ ಅದನ್ನು ದೀಪಕ್ಕೆ ಹಿಡಿದು ಹಿಡಿದು ನೋಡುತ್ತಿದ್ದಳಂತೆ.
ಎಲ್ಲಿದ್ದರೆಂದು ಸಾಯುವವರೆಗೂ ತಿಳಿಯಲಿಲ್ಲ.
ಎಂಥ ಕಟುಕರು ಎಂದುಕೊಂಡಿದ್ದೆ, ಚಿಕ್ಕವಳಿದ್ದಾಗ.

ಅಂಚೆ ಕಚೇರಿಯಲ್ಲಿ ಇನ್‌ಲ್ಯಾಂಡ್ ಕೇಳಿದೆ.
ಪೋಸ್ಟ್‌ಮಾಸ್ಟರ್ ನನ್ನ ಮುಖ ನೋಡಿ, ಧೂಳು ಕೊಡವಿ ಕೊಟ್ಟರು.
ಉತ್ತು, ಕಾಲರ್ ಬಿಚ್ಚು.
ಪೊನ್ನಂಪೇಟೆಯವಳ ವಿಷಯ ನಿನ್ನ ಸಾಹೇಬರಿಗೆ ಹೇಳು.
ಬೈತಾರೆ. ಬೈಸಿಕೋ.
ಗ್ರೂಪಿನಿಂದ ನಾನು ತೆಗೆದಿದ್ದೇನೆ,
ಆ ಅರವತ್ತು ಜನ ಯಾರಿಗೆ ಕಳಿಸಿದರೋ ಗೊತ್ತಿಲ್ಲ.

ಹದಿಮೂರನೇ ದಿನ ಗೆರೆ ಬರಲಿಲ್ಲ.
ಹದಿನಾಲ್ಕನೇ ದಿನವೂ.
ಕಾಗದ ತಲುಪಿರಬೇಕು.
ತಲುಪಿರಬೇಕು.
ಬೂದಿ ಬಣ್ಣದ ಮೇಲೆ ಬೆರಳಾಡಿಸುತ್ತೇನೆ, ಏನೂ ಇಲ್ಲ.
ಇದೇ ತಾನೆ ನಾನು ಕೇಳಿದ್ದು.

ಐದು ಗಂಟೆ. ಏಳನೇ ನಂಬರಿನವಳು ಕೆರೆ ಬಿಟ್ಟಳು.
ತೋಟದವರಿಗೆ ಹೇಳಬೇಕು.
ಬೊಮ್ಮ ಜೀಪಿನ ಬಾನೆಟ್ಟಿಗೆ ಒರಗಿ ಬೀಡಿ ಹಚ್ಚಿದ,
ನನ್ನ ಫೋನಿನ ಕಡೆ ನೋಡಿದ,
ಏನೂ ಕೇಳಲಿಲ್ಲ.