ಒಂದು ಕಟ್ಟು ಹದಿನೈದು

ಆಸ್ಪತ್ರೆ ಗೇಟಿನಿಂದ ಎಣಿಸಿದರೆ ಮೂರನೇ ಮರ,
ಅದರ ಬುಡಕ್ಕೆ ನನ್ನ ಗೋಣಿತಾಟು.
ದಂಟು, ಸಬ್ಬಸಿಗೆ, ಕೊತ್ತಂಬರಿ, ಅರಿವೆ.
ಪಿಳ್ಳಮ್ಮನ ಸೊಪ್ಪು ಅಂದರೆ ಸಿದ್ದಾಪುರದವರೆಗೂ ಗೊತ್ತು.
ಹೊಸೂರು ರಸ್ತೆಯ ಹೊಗೆ ಕೂತ ಎಲೆಗೆ
ಗಳಿಗೆಗೊಮ್ಮೆ ನೀರು ಚಿಮುಕಿಸುತ್ತಾ
ಇಪ್ಪತ್ತೆರಡು ವರ್ಷ.

ಯಾರೋ ಕೇಳಿದರು, ಲಕ್ಷ್ಮಣಫಲದ ಎಲೆ ಇದೆಯಾ.
ಇರಲಿಲ್ಲ. ಮಾರನೇ ದಿನ ಇತ್ತು.
ಆನೇಕಲ್ ಕಡೆಯಿಂದ ಮೊದಲ ಬಸ್ಸಿಗೆ ಚೀಲ ಬಂತು,
ಅಮೃತಬಳ್ಳಿ ಬಂತು, ಗೋಧಿಹುಲ್ಲು ಬಂತು.
ಏತಕ್ಕೆ ಅಂತ ನಾನು ಕೇಳಲಿಲ್ಲ.
ಕೈಯಲ್ಲಿ ಆ ನೀಲಿ ಫೈಲು ಇದ್ದವರು
ಚೌಕಾಸಿ ಮಾಡುತ್ತಿರಲಿಲ್ಲ.

ಬೇಗೂರಿನ ಬಯ್ಯಾರೆಡ್ಡಿ, ಮಂಗಳವಾರಕ್ಕೆ ಎರಡು ಕಟ್ಟು.
ಒಂದು ದಿನ ಅಂದ: ಬಾಟಲಿ ಬಿಡಿಸಿಬಿಟ್ಟೆ ಕಣಮ್ಮ,
ಎರಡಕ್ಕೇ ಅವಳ ಕೂದಲೆಲ್ಲ ದಿಂಬಿನ ಪಾಲಾಯ್ತು,
ಇನ್ನು ಎಲೆಯೊಂದೇ ಸಾಕು,
ಪಕ್ಕದ ಬೀದಿಯಲ್ಲಿ ಯಾರಿಗೋ ವಾಸಿಯಾಗಿದೆಯಂತೆ.
ನಾನು ಏನಾದರೂ ಹೇಳಬಹುದಿತ್ತು.
ಚಿಲ್ಲರೆ ಕೊಟ್ಟೆ.
ಎರಡೆಸಳು ಕರಿಬೇವು ಕೊಸರು ಹಾಕಿದೆ.

ಯುಗಾದಿ ಕಳೆದು ಬಂದವನು ಕೇಳಿದ್ದು ದಂಟು,
ಹತ್ತು ಕಟ್ಟು,
ತಿಥಿ ಅಡುಗೆಗೆ.
ಎಲೆಯ ಚೀಲವನ್ನು ಕಾಲಿನಿಂದ ಹಿಂದಕ್ಕೆ ನೂಕಿದೆ.
ಅವನು ನೋಡಿದ.
ನೋಡಲಿಲ್ಲ ಅನ್ನುವ ಹಾಗೆ ಇಬ್ಬರೂ ಲೆಕ್ಕ ಮುಗಿಸಿದೆವು.

ಆಮೇಲೆ ನನ್ನದೇ ಎದೆಯಲ್ಲಿ,
ರವಿಕೆ ಹುಕ್ಕು ಹಾಕುವಾಗ, ಒಂದು ಹುಣಸೆ ಬೀಜ.
ಮೂರು ತಿಂಗಳು ಯಾರಿಗೂ ಹೇಳದೆ
ನನ್ನ ಮಾಲನ್ನೇ ಕುದಿಸಿ ಕುಡಿದೆ,
ಬೆಳಿಗ್ಗೆ ಒಂದು ಲೋಟ, ರಾತ್ರಿ ಒಂದು ಲೋಟ.
ಹುಣಸೆ ಬೀಜ ಹಲಸಿನ ಬೀಜವಾಯಿತು.
ಮೂರನೇ ಮರದಿಂದ ಗೇಟಿಗೆ ನಲವತ್ತು ಹೆಜ್ಜೆ.
ಅಷ್ಟು ದೂರ ನಾನು ಎಂದೂ ನಡೆದಿರಲಿಲ್ಲ.

ಡಾಕ್ಟರಮ್ಮ ಚಿಕ್ಕ ಹುಡುಗಿ, ಹರಳಿನ ಮೂಗುಬೊಟ್ಟು.
ಬೇರೆ ಏನಾದ್ರೂ ತಗೊಳ್ತಿದೀರಾ, ಕಷಾಯ, ಎಲೆ, ಪುಡಿ?
ತಗೊಳ್ತೀನಿ ಅನ್ನಲೋ, ಮಾರ್ತೀನಿ ಅನ್ನಲೋ.
ಎರಡನ್ನೂ ಅಂದೆ.
ಬೈಯಲಿಲ್ಲ. ಪೆನ್ನಿಗೆ ಮುಚ್ಚಳ ಹಾಕಿ,
ಇದು ಮುಗಿಯೋವರೆಗೂ ಬೇಡ,
ನಮ್ಮ ಔಷಧಿ ಜೊತೆ ಅದು ಏನು ಜಗಳ ತೆಗೆಯುತ್ತೋ
ನಮಗೂ ಪೂರ್ತಿ ಗೊತ್ತಿಲ್ಲ, ಅಂದಳು.
ಶುಂಠಿ?
ಚೂರು ಶುಂಠಿ ಪರವಾಗಿಲ್ಲ.
ತೂಕ ನೋಡಿದರು, ಎತ್ತರ ಅಳೆದರು, ಬರೆದುಕೊಂಡರು.
ನನಗೆ ನಗು. ಜನ್ಮವೆಲ್ಲ ಹಿಡಿಯಲ್ಲಿ ಅಳೆದವಳು,
ಬೆಳಿಗ್ಗೆ ದೊಡ್ಡದು ನನ್ನ ಹಿಡಿ, ಸಂಜೆ ಚಿಕ್ಕದು.

ಕೆಂಪು ಔಷಧಿ. ಬಾಯಲ್ಲಿ
ಹಳೇ ಐದು ಪೈಸೆ ಚೀಪುವ ರುಚಿ.
ಕೊತ್ತಂಬರಿ ವಾಸನೆಗೆ ವಾಂತಿ.
ಸೊಪ್ಪಿನವಳಿಗೆ ಇದಕ್ಕಿಂತ ಶಿಕ್ಷೆ ಬೇಕೆ.

ಸಿಸ್ಟರ್ ಫ್ಲೋರಿನ್ ಒಮ್ಮೆ ಹೇಳಿದರು,
ಮಕ್ಕಳಿಗೆ ರಕ್ತದ ಕ್ಯಾನ್ಸರಿಗೆ ಏರಿಸುವ ಒಂದು ಮದ್ದು
ಮೊದಲು ಸಿಕ್ಕಿದ್ದು ಕಾಶಿಕಣಗಿಲೆಯಲ್ಲಂತೆ.
ಅದೇ, ಮೋರಿ ಪಕ್ಕ ಯಾರೂ ನೀರು ಹಾಕದೆ ಬೆಳೆಯುವ ಹೂ.
ಹಾಗಾದರೆ ಎಲೆ ಸುಳ್ಳಲ್ಲ, ಅಂದೆ ಆಸೆಯಿಂದ.
ಸುಳ್ಳಲ್ಲಮ್ಮ, ಹಾಗೇ ಅಗಿದರೆ ವಿಷ.
ರಾಶಿ ಎಲೆ ಸೋಸಿ ಒಂದು ಚಿಟಿಕೆ,
ಆ ಚಿಟಿಕೆಗೆ ಎಷ್ಟೋ ವರ್ಷದ ಪರೀಕ್ಷೆ,
ಹೇಳುತ್ತಾ ನನ್ನ ನರ ಹುಡುಕುತ್ತಿದ್ದರು.
ಸಿಗಲಿಲ್ಲ. ಇನ್ನೊಂದು ಕೈ ಕೊಟ್ಟೆ.

ಆರು ಮುಗಿದಿವೆ. ಮುಂದಿನ ತಿಂಗಳು ಸ್ಕ್ಯಾನು,
ಏನನ್ನುತ್ತಾರೋ.
ತಲೆಗೆ ಟವಲು ಸುತ್ತಿ ಮತ್ತೆ ಮೂರನೇ ಮರ.
ಯಾರಾದರೂ ಲಕ್ಷ್ಮಣಫಲ ಅಂದರೆ
ಫೈಲು ಎಲ್ಲಿ ಅನ್ನುತ್ತೇನೆ, ಮುಂದಿನ ತಾರೀಖು ಯಾವಾಗ.
ಓದು ಬರದಿದ್ದರೂ ತಿರುವುತ್ತೇನೆ,
ಸೀಲು ಬಿದ್ದ ಪುಟ ಎಣಿಸುತ್ತೇನೆ.
ಕೆಲವರು ಸಿಟ್ಟಾಗಿ ಎದುರು ಅಂಗಡಿಗೆ ಹೋಗುತ್ತಾರೆ.
ಕೆಲವರಿಗೆ ಟವಲು ಸರಿಸಿ ತೋರಿಸುತ್ತೇನೆ,
ಈಗತಾನೇ ಮೂಡಿದ ರಾಗಿ ಪೈರಿನಂಥ ಕೂದಲು.

ಮೊನ್ನೆ ಬಯ್ಯಾರೆಡ್ಡಿ ಬಂದಿದ್ದ. ಸಬ್ಬಸಿಗೆ ತಗೊಂಡ.
ನನ್ನ ತಲೆ ನೋಡಿದ, ತುಂಬ ಹೊತ್ತು.
ಇಪ್ಪತ್ತರ ನೋಟು ಇಟ್ಟು, ಚಿಲ್ಲರೆ ಬೇಡ ಅಂತ ಹೊರಟ.
ಬಸ್‌ಸ್ಟಾಪಿನವರೆಗೆ ಓಡಿ,
ಏದುಸಿರಲ್ಲಿ,
ಕೈ ಹಿಡಿದು ಕೊಟ್ಟುಬಂದೆ
ಐದು ರೂಪಾಯಿ.