ಹುಟ್ಟುಗೂದಲು

ಸತ್ಯಮಂಗಲದ ಟೈರ್ ಅಂಗಡಿಯಲ್ಲಿ ಚೆನ್ನಿಯಪ್ಪನ್
ಎರಡನ್ನು ನಿಲ್ಲಿಸಿ ತಟ್ಟಿದ, ಕಲ್ಲಂಗಡಿ ತಟ್ಟಿದ ಹಾಗೆ.
ಇದು ಬೇಸಿಗೆಯದು, ಕಾದ ಟಾರು ಕಚ್ಚಿ ಹಿಡಿಯುತ್ತೆ.
ಇದು ಎಲ್ಲ ಕಾಲದ್ದು, ಎಲ್ಲದಕ್ಕೂ ಆಗುತ್ತೆ,
ಯಾವುದಕ್ಕೂ ಪೂರ್ತಿ ಆಗಲ್ಲ.

ನಿನ್ನ ಗಾಡಿ ಓಡೋದೆಲ್ಲಿ, ಅಂದ.

ಏನು ಹೇಳಲಿ?
ಬಣ್ಣಾರಿಯಲ್ಲಿ ಸ್ಟೀರಿಂಗು ಮುಟ್ಟಿದರೆ ಕೈ ಸುಡುತ್ತೆ,
ಇಪ್ಪತ್ತೇಳು ತಿರುವು ಹತ್ತಿ ದಿಂಬಂ ಸೇರುವಷ್ಟರಲ್ಲಿ
ಹಿಂದಿನ ಸೀಟಿನ ದುಂಡಮ್ಮತ್ತೆ ಕಿವಿಗೆ ಸೆರಗು ಸುತ್ತಿರುತ್ತಾಳೆ.
ವಾರಕ್ಕೆ ಎರಡು ಸಲ ತಾಳವಾಡಿಯಿಂದ ಇಳಿಯುತ್ತೇವೆ
ಅವಳ ರಕ್ತ ತೊಳೆಸಲು.
ಡಿಕ್ಕಿಯಲ್ಲಿ ಯಾರದೋ ಚೆಂಡುಹೂವಿನ ಮೂಟೆ, ಡೀಸೆಲ್ ಖರ್ಚಿಗೆ.

ಹೋದ ಕಾರ್ತಿಕದಲ್ಲಿ, ಮಂಜಿನೊಳಗಿಂದ ಜಲ್ಲಿ ಲಾರಿ.
ಬ್ರೇಕು ಒತ್ತಿದೆ. ಗಾಡಿ ನಿಲ್ಲಲಿಲ್ಲ,
ಯೋಚನೆ ಮಾಡಿತು.
ಆಮೇಲೆ ಮೋರಿಕಲ್ಲಿಗೆ ಮೂತಿ ಒರೆಸಿ ನಿಂತಿತು.
'ಬಂತೇನಪ್ಪ ಆಸ್ಪತ್ರೆ?' ಅಂದಳು ಅತ್ತೆ, ನಿದ್ದೆಗಣ್ಣಲ್ಲಿ.

ಎಲ್ಲ ಕಾಲದ್ದೇ ಕೊಡಣ್ಣ.
ದುಡ್ಡು ಎರಡಕ್ಕೇ ಇತ್ತು. ಮುಂದಕ್ಕೆ ಹಾಕು ಅಂದರೆ
ತಲೆ ಅಲ್ಲಾಡಿಸಿದ: ಹೊಸದು ಯಾವತ್ತೂ ಹಿಂದಕ್ಕೆ,
ಬಾಲ ಜಾರಿದರೆ ಹಿಡಿಯೋರಿಲ್ಲ.
ಹಿಂದೆ ಅಂದರೆ ದುಂಡಮ್ಮತ್ತೆಯ ಕೆಳಗೆ.
ಸರಿ ಅಂದೆ.

ಅವಳು ಮೆಲ್ಲಗೆ ಇಳಿದು ಬಂದು
ರಬ್ಬರಿನ ಮೈಮೇಲಿನ ಸಣ್ಣ ಮುಳ್ಳುಗಳನ್ನು ಸವರಿದಳು.
'ಹುಟ್ಟುಗೂದಲು ಕಣೋ. ಎಷ್ಟು ದಿನಕ್ಕೆ ಉದುರುತ್ತೋ.'
ಚೆನ್ನಿಯಪ್ಪನ್‌ಗೆ ದಿನ ಅನ್ನೋದೊಂದೇ ಕೇಳಿಸಿರಬೇಕು:
ನಲವತ್ತು ಸಾವಿರ ಕಿಲೋಮೀಟರು ಪಾಟಿ, ಗ್ಯಾರಂಟಿ.

ಅವಳು ಬೆರಳು ಮಡಿಸಿ ಎಣಿಸತೊಡಗಿದಳು,
ವಾರಕ್ಕೆ ಎರಡು, ಹೋಗಿ ಬರೋದು ಸೇರಿ...
ಅರ್ಧಕ್ಕೇ ಬಿಟ್ಟು
ಚೆಂಡುಹೂವಿನ ದುಡ್ಡು ಬಂತಾ, ಅಂದಳು.